ಅತ್ತಿಯವರ ಮರೆವು, ನನ್ನ ತುಪ್ಪದ ಮಿಳ್ಳಿ

ಅತ್ತಿಯವರು ನನ್ನ ಹೆಸರು ಮರತಾರ, ಹೋಳಿಗಿ ಮುಂದಿಟ್ರ "ತುಪ್ಪ ಹಾಕವಾ" ಅನ್ನೋದು ಮರತಿಲ್ಲ. ಮೊನ್ನೆ ನಾದಿನಿ ಬಂದಾಕಿ, "ವೈನಿ, ನೀವ ತುಪ್ಪ ಸುರದು ಸುರದು ಹಿಂಗ ಮಾಡಿದ್ರಿ" ಅಂದ್ಲು. ರಾತ್ರಿಯೆಲ್ಲಾ ನಿದ್ದಿಲ್ಲ.

ಓದಿ ನೋಡಿದೆ. ಶಿಕಾಗೋದಾಗ 65 ದಾಟಿದ 815 ಮಂದಿಯನ್ನ ಸುಮಾರು ನಾಲ್ಕು ವರ್ಷ ಗಮನಿಸಿ 2003ರಾಗ ಬರದಾರ: ಬೆಣ್ಣಿ-ಮಾಂಸದಾಗಿನ ಸ್ಯಾಚುರೇಟೆಡ್ ಕೊಬ್ಬು ಭಾಳ ತಿಂದವರಿಗೆ ಅಲ್ಝೈಮರ್ ಅಪಾಯ, ಕಡಿಮಿ ತಿಂದವರಕಿಂತ ಎರಡು ಪಟ್ಟಿಗೂ ಹೆಚ್ಚು. ಅದಕ್ಕೂ ಮೊದಲ, 2002ರಾಗ, ರೋಟರ್‌ಡ್ಯಾಮಿನಾಗ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನ ನೋಡಿದವರಿಗೆ ಆ ನಂಟು ಕಾಣಲೇ ಇಲ್ಲ. ಹಿಂಗಿರುವಾಗ ಬಡಿಸಿದಾಕಿ ಮ್ಯಾಲೆ ತಪ್ಪು ಹೊರಸೋದು ಯಾವ ನ್ಯಾಯ?

ನಮ್ಮನಿಯವರ ತಾಟಿಗೆ ಮಾತ್ರ ಈಗ ಕೈ ಬಿಗಿ ಹಿಡದೇನಿ. ಆ ಕೊಬ್ಬಿನಿಂದ ರಕ್ತನಾಳ ಕಟ್ಟತಾವ ಅನ್ನೋದು ಹಳೇ ಮಾತು. ಮೆದುಳಿಗೂ ರಕ್ತ ಹೋಗೋದು ಅವುಗಳಿಂದನ ಅಲ್ಲೇನ್ರಿ? ಸಿಟ್ಟು ಮಾಡ್ಕೋತಾರ, ಮಾಡ್ಕೊಳ್ಳಲಿ.

ಅತ್ತಿಯವರಿಗೆ ಒಂದು ಮಿಳ್ಳಿ ಹಾಕೇ ಹಾಕ್ತೀನಿ. ತುಪ್ಪ ಬಿದ್ದ ಮ್ಯಾಲೆ ನನ್ನ ಮಾರಿ ನೋಡಿ ನಗತಾರ.