ಆ 20 ಡಿಗ್ರಿ ಯಾವ ಊರಿನದು? (ಕರೆಂಟ್ ಕಥೆ, ಕಂತು 6)

ಫೋಟೋದಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಮೈಮೇಲಿರೋ ಎರಡು ಡಯಲ್ ನೋಡಿ. ಒಂದು ಎಣ್ಣೆಯ ಬಿಸಿ ಹೇಳುತ್ತೆ, ಇನ್ನೊಂದು ವೈಂಡಿಂಗ್ ಬಿಸಿ. ತಮಾಷೆ ಏನಂದ್ರೆ, ಎರಡನೇದು ವೈಂಡಿಂಗನ್ನ ಮುಟ್ಟೇ ಇರಲ್ಲ! ಹೈ ವೋಲ್ಟೇಜ್ ಇರೋ ಕಡೆ ಮಾಮೂಲಿ ಥರ್ಮಾಮೀಟರ್ ಇಡೋಕಾಗಲ್ಲ. ಹಾಗಾಗಿ ಮೇಲ್ಭಾಗದ ಎಣ್ಣೆಯ ಬಿಸಿ ಅಳೆದು, ಲೋಡ್‌ಗೆ ತಕ್ಕಂತೆ ಕಾಯೋ ಒಂದು ಪುಟ್ಟ ಹೀಟರ್‌ನಿಂದ ಉಳಿದದ್ದನ್ನ ಸೇರಿಸ್ತಾರೆ. ಅಂದ್ರೆ ಥರ್ಮಲ್ ಮಾಡೆಲ್ ನಿಮ್ಮ ಲ್ಯಾಪ್‌ಟಾಪ್‌ಗಿಂತ ಮೊದಲೇ ಯಾರ್ಡ್‌ನಲ್ಲಿ ಡಬ್ಬಿಯೊಳಗೆ ಕೂತಿದೆ.

ಈಗ ನನ್ನ ತಕರಾರು. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಕೆಂಪು-ನೀಲಿ ಬಣ್ಣದ ಸಿಮ್ಯುಲೇಶನ್ ಚಿತ್ರ ಭರ್ಜರಿಯಾಗಿರುತ್ತೆ. ಹೊರಗಿನ ಗಾಳಿ ಎಷ್ಟು ಅಂತ ನೋಡಿದ್ರೆ 20 ಡಿಗ್ರಿ. ಸ್ವಾಮಿ, ಮೇ ತಿಂಗಳ ರಾಯಚೂರಲ್ಲಿ ಮಧ್ಯರಾತ್ರಿಗೂ 20 ಸಿಗಲ್ಲ!

ಆ 20 ಬಂದಿದ್ದು ಐಇಸಿ ಸ್ಟ್ಯಾಂಡರ್ಡ್‌ನಿಂದ. ಫುಲ್ ಲೋಡ್‌ನಲ್ಲಿ ವೈಂಡಿಂಗ್‌ನ ಅತಿ ಬಿಸಿ ಜಾಗ, ಅಂದ್ರೆ ಹಾಟ್ ಸ್ಪಾಟ್, ಗಾಳಿಗಿಂತ 78 ಡಿಗ್ರಿ ಹೆಚ್ಚು. 20 ಕೂಡಿಸಿದ್ರೆ 98. ಮಾಮೂಲಿ ಕಾಗದದ ಇನ್ಸುಲೇಶನ್‌ಗೆ ಅದೇ ಲೆಕ್ಕದ ಮಟ್ಟ. ಅಲ್ಲಿಂದ ಮೇಲೆ ಪ್ರತಿ 6 ಡಿಗ್ರಿಗೆ ಕಾಗದ ಹಳತಾಗೋ ವೇಗ ಎರಡು ಪಟ್ಟು. ಗಾಳಿ 38 ಇದ್ರೆ? ಹಾಟ್ ಸ್ಪಾಟ್ 116, ವೇಗ 8 ಪಟ್ಟು. ಒಂದು ಗಂಟೆ ಓಡಿದ್ರೆ ಎಂಟು ಗಂಟೆಯ ಆಯಸ್ಸು ಖರ್ಚು. ಎಣ್ಣೆ ಕೆಟ್ರೆ ಫಿಲ್ಟರ್ ಮಾಡಬಹುದು, ಬದಲಾಯಿಸಬಹುದು. ಒಳಗಿನ ಕಾಗದಕ್ಕೆ ಆ ಭಾಗ್ಯ ಇಲ್ಲ.

"ಅದಕ್ಕೇ ಅಲ್ವಾ ನಮ್ಮಲ್ಲಿ ಕಡಿಮೆ ಏರಿಕೆಯ ಟ್ರಾನ್ಸ್‌ಫಾರ್ಮರ್ ಕೇಳೋದು?" ಅಂತೀರಿ. ಸರಿಯೇ. ಕೊಳ್ಳೋರಿಗೆ ಗೊತ್ತಿರೋದು ನಮ್ಮ ರಿಪೋರ್ಟಿಗೆ ಯಾಕೆ ಗೊತ್ತಿಲ್ಲ ಅನ್ನೋದೇ ನನ್ನ ಪ್ರಶ್ನೆ.

ಇನ್ನೊಂದು ವಿಷಯ, ಸಮಯ. ಎಣ್ಣೆ ನಿಧಾನಸ್ಥ. ಗಾಳಿಯಲ್ಲೇ ತಣಿಯೋ ದೊಡ್ಡ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಣ್ಣೆಯ ಟೈಮ್ ಕಾನ್‌ಸ್ಟಂಟ್ ಸುಮಾರು 210 ನಿಮಿಷ, ವೈಂಡಿಂಗ್‌ದು ಬರೀ 10. ಮಧ್ಯಾಹ್ನ ಕುಡಿದ ಬಿಸಿಯನ್ನ ಎಣ್ಣೆ ಸಂಜೆವರೆಗೂ ಹೊತ್ತಿರುತ್ತೆ. ಅಷ್ಟರಲ್ಲಿ ಮನೆಮನೆಯಲ್ಲಿ ಲೈಟು, ಫ್ಯಾನು, ಎಸಿ ಶುರು. ಲೋಡ್ 20% ಏರಿದ್ರೆ ವೈಂಡಿಂಗ್ ನಷ್ಟ 44% ಏರುತ್ತೆ, ಕರೆಂಟಿನ ವರ್ಗ ತಾನೇ. ಪಂಪ್‌ಸೆಟ್‌ಗೆ ಹಗಲಲ್ಲೇ ತ್ರೀ ಫೇಸ್ ಕೊಡೋ ಕಡೆ ಇನ್ನೂ ಕಷ್ಟ. ಸುಡೋ ಬಿಸಿಲೂ ಭರ್ತಿ ಲೋಡೂ ಒಟ್ಟಿಗೇ ಬರುತ್ತೆ. ಒಂದೇ ಸರಾಸರಿ ಅಂಕಿ ಹಾಕಿದ ಮಾಡೆಲ್‌ಗೆ ಇದ್ಯಾವುದೂ ಕಾಣಲ್ಲ.

ಹಾಗಾಗಿ ನನ್ನ ಮಟ್ಟಿಗೆ, 20 ಡಿಗ್ರಿ ಹಾಕಿದ ಬಣ್ಣದ ಚಿತ್ರಕ್ಕಿಂತ ನಿಮ್ಮೂರಿನ 24 ಗಂಟೆಯ ತಾಪಮಾನ ಹಾಕಿದ ಬೋಳು ಎಕ್ಸೆಲ್ ಶೀಟೇ ವಾಸಿ. ಐಇಸಿ 60076-7ರಲ್ಲೇ ಗಳಿಗೆಗೊಮ್ಮೆ ಬದಲಾಗೋ ಗಾಳಿ, ಲೋಡ್ ಹಾಕಿ ಲೆಕ್ಕ ಮಾಡೋ ಸಮೀಕರಣ ಇದೆ, ಅದಕ್ಕೆ ಯಾವ ದುಬಾರಿ ಸಾಫ್ಟ್‌ವೇರೂ ಬೇಡ.

ಈ ಸೆಮ್‌ನಲ್ಲಿ ಪ್ರಾಜೆಕ್ಟ್ ಮಾಡ್ತಿರೋರು ನಿಮ್ಮ ರಿಪೋರ್ಟ್ ತೆಗೆದು ಗಾಳಿಯ ತಾಪಮಾನ ಎಷ್ಟಿದೆ ನೋಡಿ, ಊರಿನ ಹೆಸರಿನ ಜೊತೆ ಕಾಮೆಂಟ್ ಹಾಕಿ.

#ಕರೆಂಟ್‌ಕಥೆ #ಟ್ರಾನ್ಸ್‌ಫಾರ್ಮರ್