ಮಾಸಿದ ಕಾರಿಗೆ ಮತ್ತೆ ಮಿಂಚು

ಧಾರವಾಡದ ಮಾಳಮಡ್ಡಿಯಿಂದ ಸೋದರಿಯೊಬ್ಬರು ಬರೆದಿದ್ದಾರೆ: "ನಮ್ಮ ಮನಿಯವರು ತೀರಿಕೊಂಡು ಎರಡು ವರ್ಷ ಆತು. ಅವರ ಕೆಂಪು ಮಾರುತಿ 800 ಅಂಗಳದಾಗ ಬೇವಿನ ಗಿಡದ ಕೆಳಗ ನಿಂತದ. ಸುಣ್ಣಾ ಬಳದಂಗ ಬೆಳ್ಳಗಾಗೇದ. ಮಗ ಗುಜರಿಗೆ ಹಾಕೂಣು ಅಂತಾನ. ನನಗ ಮನಸಿಲ್ಲ. ಹುಣಸೀಹಣ್ಣು ಹಚ್ಚಿ ತಿಕ್ಕಿದರ ಹೊಳಪು ಬಂದೀತೇನ್ರಿ?"

ಹುಣಸೆಹಣ್ಣು ಬೇಡ ಅಕ್ಕಾ! ಅದು ಹಿತ್ತಾಳೆ ತಂಬಿಗೆಗೆ ಸರಿ. ಅದರ ಹುಳಿ ಕಿಲುಬನ್ನು ಬಿಡಿಸುತ್ತದೆ. ಕಾರಿನ ಮೇಲಿರುವುದು ಕಿಲುಬಲ್ಲ. ಬಿಸಿಲಿಗೆ ಬಣ್ಣದ ಮೇಲ್ಪದರವೇ ಸತ್ತು ಪುಡಿಯಾಗಿದೆ. ಅದನ್ನು ತೆಗೆದರೆ ಕೆಳಗೆ ಒಳ್ಳೆಯ ಬಣ್ಣ ಇನ್ನೂ ಇರುತ್ತದೆ. ಬೂದಿ, ತೆಂಗಿನ ನಾರು, ಪಾತ್ರೆ ತಿಕ್ಕುವ ಪುಡಿ ಬಳಸಿದರೆ ಗೀರು ಬೀಳುತ್ತವೆ. ಎಣ್ಣೆ ಒರೆಸಿದರೆ ಒಂದು ದಿನ ಮಿಂಚಿ, ಮರುದಿನ ಧೂಳು ಮೆತ್ತುತ್ತದೆ.

ಮೊದಲು ಒಂದು ಪರೀಕ್ಷೆ. ಒದ್ದೆ ಮಾಡಿದಾಗ ಕೆಂಪು ಹೊಳೆದು, ಒಣಗಿದ ಮೇಲೆ ಬೆಳ್ಳಗಾದರೆ ಆಶೆ ಉಂಟು. ಬಣ್ಣ ಹಪ್ಪಳದಂತೆ ಎದ್ದಿದ್ದರೆ, ತುಕ್ಕು ತಿಂದಿದ್ದರೆ ಮಾತ್ರ ಪೇಂಟರನೇ ಗತಿ.

1. ಮುಂಜಾನೆ ನೆರಳಿನಲ್ಲಿ, ತಗಡು ತಣ್ಣಗಿದ್ದಾಗ ಕೆಲಸ ಹಿಡಿಯಿರಿ. ಒಣ ಧೂಳನ್ನು ಒರೆಸಬೇಡಿ. ನೀರು ಹೊಯ್ದು ಇಳಿಸಿ. ಹಕ್ಕಿಯ ಹಿಕ್ಕೆಯ ಮೇಲೆ ಒದ್ದೆ ಅರಿವೆ ಹತ್ತು ನಿಮಿಷ ಹಾಕಿಡಿ, ಉಗುರಿನಿಂದ ಕೆರೆಯಬೇಡಿ.

2. ಎರಡು ಬಕೆಟ್ ಇಡಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೇಲಿನಿಂದ ಕೆಳಗೆ ತೊಳೆಯುತ್ತ ಅರಿವೆಯನ್ನು ಆಗಾಗ ಬರೀ ನೀರಿನಲ್ಲಿ ಜಾಲಿಸಿ. ಆಮೇಲೆ ಪೂರ್ತಿ ಒಣಗಿಸಿ.

3. ವಾಹನದ ಬಿಡಿಭಾಗದ ಅಂಗಡಿಯಲ್ಲಿ ರಬ್ಬಿಂಗ್ ಕಾಂಪೌಂಡ್ ಸಿಗುತ್ತದೆ. ನುಣುಪಿನದನ್ನೇ ಕೇಳಿ. ಹಳೆಯ ಬನಿಯನ್ ತುಂಡಿಗೆ ಕಡಲೆಕಾಳಿನಷ್ಟು ಹಚ್ಚಿ, ಮರೆಯಾದ ಒಂದು ಕಡೆ ಮೊದಲು ನೋಡಿ. ಅರಿವೆ ಕೆಂಪಾದರೆ ಗಾಬರಿ ಬೇಡ, ಅದು ಸತ್ತ ಬಣ್ಣ. ಒಂದೊಂದು ಮೊಳದ ಜಾಗ ಹಿಡಿದು ಹಗುರ ಕೈಯಿಂದ ತಿಕ್ಕಿ. ಅಂಚು, ಮಡಿಕೆಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲಿ ಒತ್ತಲೇಬೇಡಿ.

4. ಬಳಿಕ ಪಾಲಿಶ್. ಕೊನೆಗೆ ಮೇಣ, ಅಂದರೆ ಕಾರ್ ವ್ಯಾಕ್ಸ್: ತೆಳ್ಳಗೆ ಹಚ್ಚಿ, ಮಬ್ಬಾದ ಮೇಲೆ ಶುದ್ಧ ಅರಿವೆಯಿಂದ ಒರೆಸಿ. ಮೇಣ ಬಿಟ್ಟರೆ ಪಟ್ಟ ಶ್ರಮವನ್ನು ಬಿಸಿಲು ಮತ್ತೆ ತಿಂದುಹಾಕುತ್ತದೆ. ಮೂರು ತಿಂಗಳಿಗೊಮ್ಮೆ, ಮಳೆಗಾಲದ ಮುಂಚೆ ತಪ್ಪದೆ, ಹಚ್ಚುತ್ತಿರಿ. ಬೇವಿನ ನೆರಳು ಬಿಡಿಸಿ ತಗಡಿನ ಮಾಡಿನ ಕೆಳಗೆ ನಿಲ್ಲಿಸಿದರೆ ಇನ್ನೂ ಚಲೋ.

ಒಂದೇ ದಿನ ಎಲ್ಲ ಮುಗಿಸಬೇಕೆಂದಿಲ್ಲ. ಇವತ್ತು ಬಾನೆಟ್, ನಾಳೆ ಬಾಗಿಲು.

ಕಾಗದಪತ್ರವನ್ನೂ ಮರೆಯಬೇಡಿ. ಗಾಡಿ ಇನ್ನೂ ಅವರ ಹೆಸರಿನಲ್ಲಿದ್ದರೆ, ವಾರಸುದಾರರ ಹೆಸರಿಗೆ ಮಾಡಿಸಲು ಆರ್‌ಟಿಓ ಕಚೇರಿಯಲ್ಲಿ ಫಾರಂ 31 ಕೊಡಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೆ ನವೀಕರಣ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿದೆ, ಆದ್ದರಿಂದ ಆರ್‌ಸಿಯ ತಾರೀಖು ಇಂದೇ ನೋಡಿ.

ಇಟ್ಟುಕೊಳ್ಳುವುದೋ, ಮಾರುವುದೋ, ತೊಳೆದು ನೋಡಿದ ಮೇಲೆ ತಾಯಿ-ಮಗ ಕೂತು ಮಾತಾಡಿ. ತಿಕ್ಕುವಾಗ ಅವನ ಕೈಗೂ ಒಂದು ಅರಿವೆ ಕೊಡಿರಿ.