ಹದಿನೆಂಟು ಬೈಟಿನ ಊರು

ಕಳೆದ ಬೇಸಗೆಯ ರಜೆಯಲ್ಲಿ, ನರಗುಂದದ ಬಿಸಿಲು ಹೊರಗೆ ಕಾಲಿಡಗೊಡದಿದ್ದಾಗ, ಹುಚ್ಚು ಸಾಹಸವೊಂದಕ್ಕೆ ಕೈಹಾಕಿದೆನು. ಹಳೆಯ ಗಣಕಯಂತ್ರವನ್ನು ಬರಿದುಮಾಡಿ, ‘ಪ್ಲಾನ್ ೯’ ಎಂಬ ಪ್ರಯೋಗಾರ್ಥ ಕಾರ್ಯವ್ಯವಸ್ಥೆಯನ್ನು ಸ್ಥಾಪಿಸಿದೆನು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಕೂಸಿಗೆ ಹೆಸರು ಬಂದುದು ಒಂದು ಅಗ್ಗದ ಚಲಚ್ಚಿತ್ರದಿಂದ! ಮೂರು ಗುಂಡಿಗಳ ಮೌಸ್ ಇಲ್ಲದವರನ್ನು ಅದು ಸರಿಯಾಗಿ ಮಾತನಾಡಿಸುವುದೂ ಇಲ್ಲ. ಮಡದಿ ಇಣಿಕಿ ನೋಡಿ, “ಇದರಲ್ಲಿ ಕರೆಂಟಿನ ಬಿಲ್ಲು ಕಟ್ಟಬಹುದೇ?” ಎಂದಳು. ನಾನು ಮೌನವನ್ನು ಆಶ್ರಯಿಸಿದೆನು.

ಕನ್ನಡದ ಅಧ್ಯಾಪಕನಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ೧೯೯೨ರ ಸೆಪ್ಟೆಂಬರಿನ ಒಂದು ರಾತ್ರಿ, ನ್ಯೂಜರ್ಸಿಯ ಉಪಾಹಾರಗೃಹವೊಂದರಲ್ಲಿ, ರಾಬ್ ಪೈಕರ ಕಣ್ಣೆದುರಿಗೆ ಕೆನ್ ಥಾಂಪ್ಸನ್ನರು ತಟ್ಟೆಯಡಿಯ ಹಾಸಿನ ಮೇಲೆ ಅಕ್ಷರಸಂಕೇತವೊಂದನ್ನು ಗೀಚಿದರು. ಅದೇ ‘ಯುಟಿಎಫ್-೮’. ಕೆಲವೇ ದಿನಗಳಲ್ಲಿ ಪ್ಲಾನ್ ೯ ಪೂರ್ತಿಯಾಗಿ ಅದನ್ನೇ ಧರಿಸಿತು. ಅಂತರಜಾಲದಲ್ಲಿ ನಾವಿಂದು ಓದುವ ಕನ್ನಡ ಬಹುಮಟ್ಟಿಗೆ ಈ ಸಂಕೇತದಲ್ಲಿಯೇ ಸಂಚರಿಸುತ್ತದೆ.

ಕನ್ನಡದ ತವರೊಂದನ್ನು ಕಂಡಂತೆ ಹಿಗ್ಗಿದೆನು. ಕೀಲಿಮಣೆಯಲ್ಲಿ ಕನ್ನಡವಿರಲಿಲ್ಲ, ಒಂದೊಂದರ ಸಂಕೇತಾಂಕವನ್ನೂ ಒತ್ತುತ್ತ, ಆರು ಸಲ, ‘ನರಗುಂದ’ ಎಂದು ಬರೆದೆನು. ತೆರೆಯ ಮೇಲೆ ಮೂಡಿದುದು ಗುರುತು ಹತ್ತದ ಮುದ್ರೆಗಳು. ಕನ್ನಡದ ಅಚ್ಚು ಅಲ್ಲಿರಲಿಲ್ಲ. ಮನಸ್ಸು ಖಿನ್ನವಾಯಿತು. ಎಣಿಸಿ ಹೇಳೆಂದೆನು. ಆರು ಸಂಕೇತ, ಹದಿನೆಂಟು ಬೈಟು ಎಂದಿತು. ಲೆಕ್ಕ ಸರಿ: ಗಕಾರ, ಅದರ ಕೊಂಬು, ಸೊನ್ನೆ ಎಲ್ಲವೂ ಬೇರೆ ಬೇರೆ, ಒಂದೊಂದಕ್ಕೂ ಮೂರು ಬೈಟು. ಕಣ್ಣಿಗೆ ಕಾಣದಿದ್ದರೂ ಊರು ಒಳಗೆ ಕ್ಷೇಮವಾಗಿತ್ತು!

ಆ ಕಡತವನ್ನು ಮಡದಿಯ ಗಣಕಕ್ಕೆ ಸಾಗಿಸಿ ತೆರೆದೆನು. ಕೊಂಬೂ ಸೊನ್ನೆಯೂ ತಂತಮ್ಮ ಸ್ಥಾನದಲ್ಲಿ ಕುಳಿತಿದ್ದವು.

“ನರಗುಂದ ಎಂದು ಬರೆಯಲು ಎರಡು ದಿನ ಬೇಕಾಯಿತೆ?” ಎಂದಳು ಆಕೆ.